ಕುತ್ತಿಗೆ ಹೊಲಿದ ಕೋಟು

ಫೆಬ್ರವರಿ 3

ಅಣ್ಣನಿಗೆ,

ಬರೆದು ಹದಿನಾಲ್ಕು ತಿಂಗಳಾಯಿತು. ತಪ್ಪು ನನ್ನದೇ. ಒಪ್ಪಿಕೊಂಡವರನ್ನು ಬೈಯಬಾರದು. ಅತ್ತಿಗೆಯ ಮೊಣಕಾಲು ಹೇಗಿದೆ? ಪುಟ್ಟಿ ಈಗ ನಿನ್ನ ಭುಜದವರೆಗೆ ಬೆಳೆದಿರಬೇಕು.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಬಿಸಿಲು, ಚಳಿ, ಮೊಣಕಾಲು ಅಂತ ಮಾತಾಡಿ ಇಟ್ಟುಬಿಡುತ್ತೇವೆ. ಕಾಗದವಾದರೆ ನೀನು ನಡುವೆ ‘ಸರಿ ಸರಿ, ಗಿರಾಕಿ ಬಂದ್ರು’ ಅನ್ನಲಾರೆ.

ನಾನು ಕೆಲಸ ಮಾಡುವ ಕೋಣೆ ಹೇಗಿದೆ ಎಂದು ನೀನು ಎಂದೂ ಕೇಳಿಲ್ಲ, ಆದರೂ ಹೇಳುತ್ತೇನೆ. ಆಸ್ಪತ್ರೆಯ ಮೂರನೇ ಮಹಡಿ, ಲಿಫ್ಟು ಎರಡರವರೆಗೆ ಮಾತ್ರ. ಒಂದು ಉದ್ದ ಮೇಜು, ಗೋಡೆ ತುಂಬ ಕಬ್ಬಿಣದ ಕಪಾಟು, ರಟ್ಟು ಮಡಚಿ ಸಿಕ್ಕಿಸದಿದ್ದರೆ ಬಡಿದುಕೊಳ್ಳುವ ಕಿಟಕಿ. ಮಿದುಳಿನ ಒಂದು ಅಪರೂಪದ ಕಾಯಿಲೆ ಯಾರಿಗೆ ಬಂತು, ಎಷ್ಟು ಜನಕ್ಕೆ ಬಂತು ಎಂದು ಎಣಿಸುವುದು ನಮ್ಮ ಕೆಲಸ. ಇಬ್ಬರು ಡಾಕ್ಟರುಗಳ ಹೆಸರು ಸೇರಿಸಿ ಅದಕ್ಕೆ ಹೆಸರಿಟ್ಟಿದ್ದಾರೆ, ಹೇಳಲು ಹೋದರೆ ನಾಲಿಗೆ ಗಂಟು ಬೀಳುತ್ತದೆ. ನಾವು ‘ಉದ್ದ ಹೆಸರಿನದು’ ಅಂತಲೇ ಅನ್ನುವುದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಬಂದ ಮೇಲೆ ಬಹುಪಾಲು ಜನರಿಗೆ ಉಳಿಯುವುದು ಕೆಲವೇ ತಿಂಗಳು. ಕಣ್ಣಿನ ಅಂದಾಜು, ನಡಿಗೆ, ನೆನಪು, ಮಾತು, ಎಲ್ಲ ಒಂದೊಂದಾಗಿ ಹೋಗುತ್ತವೆ. ಔಷಧವಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಪುಸ್ತಕದಲ್ಲಿ ವರ್ಷಕ್ಕೆ ಮೂವರು. ಕಳೆದ ವರ್ಷ ಹನ್ನೊಂದು. ಈ ಎರಡು ಅಂಕಿ ಒಬ್ಬ ಪತ್ರಕರ್ತನ ಕೈಗೆ ಸಿಕ್ಕಿ, ‘ಕಾಯಿಲೆ ಹೆಚ್ಚುತ್ತಿದೆಯೇ?’ ಎಂದು ದಪ್ಪಕ್ಷರದಲ್ಲಿ ಬಂತು. ನಮ್ಮ ಹಿರಿಯ ಡಾಕ್ಟರಮ್ಮ ಪತ್ರಿಕೆ ಮಡಚಿಟ್ಟು, “ನಿಜವಾಗ್ಲೂ ಹೆಚ್ತಾ ಇದ್ಯೋ, ನಮಗೆ ಈಗ ಕಣ್ಣು ಬಂದಿದ್ಯೋ, ನೋಡೇಬಿಡೋಣ” ಎಂದು ಹಳೆಯ ಕಡತಗಳನ್ನೆಲ್ಲ ಮೇಜಿನ ಮೇಲೆ ಇಳಿಸಿದರು. ಪಾರ್ಶ್ವವಾಯು, ಅರಳುಮರಳು, ಕುಡಿತ, ಹುಚ್ಚು ಎಂದು ಆಗ ಬರೆದಿದ್ದನ್ನು ಈಗ ಮತ್ತೆ ಓದುತ್ತಿದ್ದೇವೆ.

ನಿನಗೆ ನಮ್ಮ ಹೊಲಿಗೆ ಅಂಗಡಿಯ ಅಯಸ್ಕಾಂತ ನೆನಪಿದೆಯೇ? ಅಮ್ಮ ಸಂಜೆ ನೆಲ ಗುಡಿಸಿದರೆ ಬಿದ್ದ ಗುಂಡುಸೂಜಿ ಮೂರೋ ನಾಲ್ಕೋ ಸಿಗುತ್ತಿದ್ದವು. ದಾರಕ್ಕೆ ಅಯಸ್ಕಾಂತ ಕಟ್ಟಿ ಎಳೆದ ದಿನ ನಲವತ್ತು ಸಿಕ್ಕವು. ಆ ದಿನ ಸೂಜಿಗಳೇನು ಮರಿ ಹಾಕಿದ್ದವೇ? ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. ನಕ್ಕು ನಕ್ಕು, ಪತ್ರಕರ್ತನಿಗೂ ಇದನ್ನೇ ಹೇಳುತ್ತೇನೆ ಎಂದರು.

ಮೊನ್ನೆ ಒಬ್ಬ ಬಣ್ಣ ಬಳಿಯುವವನ ಕಡತ ಓದಿದೆ. ಗೋಡೆ ಬಿಟ್ಟು ಕಿಟಕಿಯ ಗಾಜಿಗೆ ಬಣ್ಣ ಬಳಿದನಂತೆ. ಕುಡಿದಿದ್ದಾನೆ ಎಂದು ಯಜಮಾನ ಓಡಿಸಿದ. ಒಂಬತ್ತು ವಾರಕ್ಕೆ ಸತ್ತ. ಅವನು ಜೀವಮಾನದಲ್ಲಿ ಕುಡಿದವನೇ ಅಲ್ಲ ಎಂದು ಹೆಂಡತಿ ಬರೆಸಿದ್ದಾಳೆ.

ಸುಮ್ಮನೆ ಕೇಳುತ್ತೇನೆ: ಕೊನೆಕೊನೆಗೆ ಅಮ್ಮ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳೇ?

ತಂಗಿ

ಫೆಬ್ರವರಿ 27

ತಂಗಿಗೆ,

ಕಾಗದ ತಲುಪಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತಿಗೆ ಮೆಟ್ಟಿಲು ಹತ್ತುತ್ತಾಳೆ, ಇಳಿಯುವಾಗ ಮಾತ್ರ ನನ್ನನ್ನು ಬೈಯುತ್ತಾಳೆ. ಪುಟ್ಟಿಗೆ ಹದಿನಾರು. ಕಾಜಾ ಹಾಕುವುದು ನನಗಿಂತ ಚೆನ್ನಾಗಿ ಕಲಿತಿದ್ದಾಳೆ, ಆದರೆ ಗುಂಡಿ ಹೊಲಿ ಎಂದರೆ ಪರೀಕ್ಷೆ ಇದೆ ಅನ್ನುತ್ತಾಳೆ. ಅಂಗಡಿಗೆ ಹೊಸ ಯಂತ್ರ ಬಂತು. ಅಮ್ಮನ ಹಳೆಯದನ್ನು ಕಿಟಕಿಯ ಬಳಿಯೇ ಇಟ್ಟಿದ್ದೇನೆ, ಎಣ್ಣೆ ಹಾಕುತ್ತೇನೆ.

ಅಮ್ಮನದು ಪಾರ್ಶ್ವವಾಯು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಆ ಚೀಟಿ ನೀನೂ ನೋಡಿದ್ದೀಯ. ಹಳೆಯದನ್ನು ಕೆದಕಿ ಏನಾಗಬೇಕು?

ನಿನ್ನ ಅಕ್ಷರ ಯಾಕೆ ಹೀಗೆ ವಾಲಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ?

ಅಣ್ಣ

ಮಾರ್ಚ್ 9

ಅಣ್ಣನಿಗೆ,

ಅಕ್ಷರ ವಾಲಿದ್ದು ಮೇಜಿನ ಕಾಲು ಮೋಟಾಗಿರುವುದರಿಂದ. ಊಟ ಮಾಡುತ್ತೇನೆ, ಮೂವರ ಪಾಲಿನದು.

ಅಮ್ಮನ ಮಾತು ಬಂದರೆ ನೀನು ಬಾಯಿಗೆ ಬೀಗ ಹಾಕುತ್ತೀಯ ಎಂದು ಗೊತ್ತಿದ್ದೂ ಕೇಳಿದೆ. ಹೋಗಲಿ ಬಿಡು. ಈಗ ಕೆಲಸದ ಮಾತು. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ, ಹನ್ನೆರಡು ಪ್ರಶ್ನೆ. ಕಾಯಿಲೆಯವರ ಕೊನೆಯ ಆರು ತಿಂಗಳನ್ನು ಹತ್ತಿರದಿಂದ ಕಂಡವರು ಇದನ್ನು ತುಂಬಬೇಕು. ನಮ್ಮಲ್ಲಿ ಹೆಸರು ಬರೆಯುವಂತಿಲ್ಲ, ವಯಸ್ಸು ಮತ್ತು ಕಸುಬು ಅಷ್ಟೇ. ಮೂವರು ಡಾಕ್ಟರುಗಳು ಬೇರೆ ಬೇರೆಯಾಗಿ ಓದಿ ಒಂದೊಂದು ಚೀಟಿ ಡಬ್ಬಿಗೆ ಹಾಕುತ್ತಾರೆ. ಮೂರು ಚೀಟಿಯೂ ಒಂದೇ ಹೇಳಿದರೆ ಮಾತ್ರ ಪುಸ್ತಕಕ್ಕೆ ಏರುತ್ತದೆ. ಅವರ ಪೈಕಿ ಯಾರಿಗಾದರೂ ಕಡತ ತಮ್ಮವರದ್ದು ಅನ್ನಿಸಿದರೆ ಎದ್ದು ಹೊರಗೆ ಹೋಗಬೇಕು. ಕಡತ ಜೋಡಿಸಿಡುವ ನನಗೂ ಅದೇ ನಿಯಮ.

ಇದು ಒಬ್ಬ ಹೆಂಗಸಿನ ವಿಷಯ. ಯಾರೆಂದು ನಾನು ಬರೆಯುವುದಿಲ್ಲ. ನಿನಗೆ ಚೆನ್ನಾಗಿ ಗೊತ್ತಿರುವವಳು. ವಯಸ್ಸು, ಕಸುಬಿನ ಜಾಗ ಖಾಲಿ ಬಿಟ್ಟಿದ್ದೇನೆ.

ಹೌದು, ಇಲ್ಲ ಎಂದಷ್ಟೇ ಬರೆದರೂ ಸಾಕು.

ತಂಗಿ

ಏಪ್ರಿಲ್ 2

ತಂಗಿಗೆ,

ಹಾಳೆ ಓದಿದೆ. ಒಂದಲ್ಲ, ಹತ್ತು ಸಲ ಓದಿದೆ. ‘ಮೆಟ್ಟಿಲಿನ ಮೇಲೆ ತಡವರಿಸುತ್ತಾರೆಯೇ? ಲೋಟ ಹಿಡಿಯಲು ಹೋಗಿ ಪಕ್ಕದ ಗಾಳಿ ಹಿಡಿಯುತ್ತಾರೆಯೇ? ಸದ್ದಾದರೆ ಕೈ ಎಗರುತ್ತದೆಯೇ?’

ನಾನು ಶಾಲೆ ಅರ್ಧಕ್ಕೆ ಬಿಟ್ಟವನಿರಬಹುದು, ದಡ್ಡನಲ್ಲ. ಮೊದಲು ನೀನು ಅಮ್ಮನ ವಿಷಯ ‘ಸುಮ್ಮನೆ’ ಎಂದು ಕೇಳಿದೆ. ಆಮೇಲೆ ‘ನಿನಗೆ ಗೊತ್ತಿರುವ ಹೆಂಗಸು’ ಅಂದೆ. ಅಕ್ಷರ ಬೇರೆ ವಾಲಿದೆ, ಅದಕ್ಕೆ ಮೇಜಿನ ಕಾಲಿನ ಕಥೆ. ನಿಜ ಹೇಳು, ಇದರಲ್ಲಿ ನಿನಗೆ ಎಷ್ಟು ಇವೆ?

ಒಬ್ಬಳೇ ಆ ಮೂರನೇ ಮಹಡಿ ಹತ್ತಬೇಡ. ನಾನು ಬಂದು ಕರೆದುಕೊಂಡು ಬರುತ್ತೇನೆ. ಅತ್ತಿಗೆ ಮುಂದಿನ ಕೋಣೆ ಖಾಲಿ ಮಾಡಿಸುತ್ತಿದ್ದಾಳೆ. ಅವಳು ಕಣ್ಣೊರೆಸಿಕೊಂಡು, “ಈ ಸಲನಾದ್ರೂ ಅವಳು ಕರೀಲಿ ಅಂತ ಕಾಯ್ತಾ ಕೂರಬೇಡಿ, ಹೊರಡಿ” ಎಂದಳು.

ಇದು ಮನೆತನದಲ್ಲಿ ಬರುವಂಥದ್ದೇ? ಪುಟ್ಟಿಗೆ ನಾನು ಏನೂ ಹೇಳಿಲ್ಲ.

ಅಣ್ಣ

ಏಪ್ರಿಲ್ 8

ಅಯ್ಯೋ ಅಣ್ಣಾ,

ನನಗೇನೂ ಆಗಿಲ್ಲ! ಗುಂಡುಕಲ್ಲಿನ ಹಾಗಿದ್ದೇನೆ. ಕಾಗದ ಬಂದ ಕೂಡಲೇ ಫೋನು ಮಾಡಿದ್ದಕ್ಕೆ ನೀನು “ಸರಿ, ಇಡು” ಎಂದು ಇಟ್ಟುಬಿಟ್ಟೆ, ಅತ್ತದ್ದು ಕೇಳಿಸಬಾರದೆಂದು ತಾನೇ? ನನಗೆ ನಗು ಬಂತು. ಆಮೇಲೆ ಮೆಟ್ಟಿಲ ಮೇಲೆ ಕೂತು ನಾನೂ ಅತ್ತೆ. ನನ್ನನ್ನು ಕರೆದೊಯ್ಯಲು ಒಬ್ಬರು ಕೋಣೆ ಖಾಲಿ ಮಾಡಿಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಪುಟ್ಟಿಯ ಚಿಂತೆ ಈಗ ಬೇಡ. ಇದು ಬಹಳಷ್ಟು ಜನಕ್ಕೆ ಕಾರಣವೇ ಇಲ್ಲದೆ ತಾನಾಗಿ ಬರುತ್ತದೆ. ಮನೆತನದಲ್ಲಿ ಬರುವುದು ಕಡಿಮೆ. ನಮ್ಮಲ್ಲಿ ಬೇರೆ ಯಾರಿಗೂ ಹೀಗಾಗಿಲ್ಲ, ಅಜ್ಜಿ ಎಂಬತ್ತೆಂಟರವರೆಗೆ ನಮ್ಮಿಬ್ಬರ ಕಿವಿ ಹಿಂಡಿಕೊಂಡೇ ಇದ್ದಳು. ಖಂಡಿತ ಇಲ್ಲ ಎಂದು ನಾನು ಹೇಳಲಾರೆ, ಕೇಳಿದರೆ ಪರೀಕ್ಷೆ ಇದೆ. ಭಯಪಡುವಷ್ಟು ಕಾಣುತ್ತಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ.

ಆ ಹೆಂಗಸು ಅಮ್ಮ. ನೇರವಾಗಿ ಬರೆಯಲು ನನಗೆ ಧೈರ್ಯವಿರಲಿಲ್ಲ. ಯಾಕೆ ಎಂದು ಈಗ ಹೇಳುತ್ತೇನೆ. ಹತ್ತೊಂಬತ್ತು ವರ್ಷ ನೀನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಕೋಟು.

ಆ ವರ್ಷದ ಏಪ್ರಿಲಿನಲ್ಲಿ ನಾನು ಮನೆ ಬಿಟ್ಟ ದಿನ ಅಮ್ಮ ಕತ್ತರಿ ಕೆಳಗಿಡದೆ, “ಹೋಗೋದಾದ್ರೆ ಹೋಗು. ತಿರುಗಿ ನೋಡ್ಬೇಡ” ಎಂದಳು. ಯಂತ್ರದ ಮುಂದೆ ಕೂರುವುದು ಬಿಟ್ಟು ಆಸ್ಪತ್ರೆಯ ಗುಮಾಸ್ತೆ ಆಗುತ್ತೇನೆ ಎಂದಿದ್ದಕ್ಕೆ. ಸಿಟ್ಟಿನ ಮಾತು, ಇಳಿಯುತ್ತದೆ ಅಂದುಕೊಂಡಿದ್ದೆ. ಅಕ್ಟೋಬರಿನಲ್ಲಿ ಪೊಟ್ಟಣ ಬಂತು. ಕಂದು ಕೋಟು, ನನಗೆ ಇಷ್ಟದ ಬಣ್ಣ, ಮುಂದೆ ತೆರೆಯದೆ ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು. ಒಂದು ಚೀಟಿಯೂ ಇಲ್ಲ. ಕುಣಿದಾಡಿಕೊಂಡು ಹಾಕಿಕೊಳ್ಳಲು ಹೋದೆ. ತಲೆ ಹೊರಗೆ ಬರಲಿಲ್ಲ. ಕುತ್ತಿಗೆಯನ್ನು ಈ ಕಡೆಯಿಂದ ಆ ಕಡೆಗೆ ಹೊಲಿದು ಮುಚ್ಚಿತ್ತು. ಅಮ್ಮ ಮೂವತ್ತು ವರ್ಷ ಹೊಲಿದವಳು, ಅವಳ ಕೈ ತಪ್ಪುವುದುಂಟೇ? ಬೇಕೆಂದೇ ಹೊಲಿದಿದ್ದಾಳೆ ಎಂದೇ ನಂಬಿದೆ. ‘ನಿನಗೆ ಈ ಮನೆಯ ಬಾಗಿಲು ಹೀಗೇ ಮುಚ್ಚಿದೆ’ ಎಂದು ಹೇಳಿ ಕಳಿಸಿದ್ದಾಳೆ ಎಂದುಕೊಂಡೆ.

ನವೆಂಬರಿನಲ್ಲಿ ನೀನು ‘ಅಮ್ಮನಿಗೆ ಹುಷಾರಿಲ್ಲ, ಬಾ’ ಎಂದು ಬರೆದೆ. ನಾನು ಏನು ಉತ್ತರ ಬರೆದೆ ಎಂದು ನಿನಗೆ ಗೊತ್ತು. ಡಿಸೆಂಬರಿನಲ್ಲಿ ಎಲ್ಲ ಮುಗಿದ ಮೇಲೆ ಬಂದು ಒಂದು ದಿನ ನೆಂಟಳ ಹಾಗೆ ಕೂತು ಹೋದೆ.

ಆ ಬಣ್ಣದವನು ಗಾಜಿಗೆ ಬಳಿದದ್ದನ್ನು ಓದಿದ ಸಂಜೆ ಪೆಟ್ಟಿಗೆಯ ತಳದಿಂದ ಕೋಟು ತೆಗೆದೆ. ಎಲ್ಲರ ಅಮ್ಮಂದಿರ ಕಡತ ಓದುವವಳು ನಾನು. ದೀಪದ ಬುಡದಲ್ಲೇ ಕತ್ತಲು. ಅಣ್ಣಾ, ಅವಳು ಬೇಕೆಂದು ಹೊಲಿದಳೇ ಅಥವಾ ಕಾಣದೆ ಹೊಲಿದಳೇ? ನನಗೆ ಅದೊಂದೇ ಬೇಕು. ಪತ್ರಕರ್ತನ ಪ್ರಶ್ನೆ ಹಾಳಾಗಿ ಹೋಗಲಿ.

ಹಾಳೆ ತುಂಬು.

ತಂಗಿ

ಮೇ 6

ಅಣ್ಣನಿಗೆ,

ನಾಲ್ಕು ವಾರವಾಯಿತು. ಫೋನು ಎತ್ತಿದರೆ ಅತ್ತಿಗೆ “ಅಂಗಡೀಲಿದ್ದಾರೆ” ಅನ್ನುತ್ತಾರೆ. ಬೇಕೆಂದೇ ಹೊಲಿದಳು ಎಂಬುದೇ ಉತ್ತರವಾದರೆ ಅದನ್ನೇ ಬರೆ. ತಡೆದುಕೊಳ್ಳುತ್ತೇನೆ.

ತಂಗಿ

ಮೇ 30

ತಂಗಿಗೆ,

ಇಷ್ಟು ದಿನ ಬರೆದು ಹರಿದು ಹಾಕಿದೆ. ಬಟ್ಟೆ ಕತ್ತರಿಸುವುದಕ್ಕಿಂತ ಇದು ಕಷ್ಟ. ಹಾಳೆ ತುಂಬಿ ಜೊತೆಗಿಟ್ಟಿದ್ದೇನೆ. ವಯಸ್ಸು: ಐವತ್ತೇಳು. ಕಸುಬು: ದರ್ಜಿ. ಹನ್ನೆರಡರಲ್ಲಿ ಹತ್ತಕ್ಕೆ ಹೌದು.

ಆಗಸ್ಟಿನಲ್ಲಿ ಶುರುವಾಯಿತು. ಸೀಮೆಸುಣ್ಣದ ಗೆರೆ ಬಿಟ್ಟು ಬೆರಳಗಲ ಪಕ್ಕಕ್ಕೆ ಕತ್ತರಿಸುತ್ತಿದ್ದಳು. ಕನ್ನಡಕ ಬದಲಾಯಿಸಿದೆವು. ಸೂಜಿಗೆ ದಾರ ನಾನೇ ಪೋಣಿಸಿ ಕೊಡುತ್ತಿದ್ದೆ, ಗಿರಾಕಿಗಳಿಗೆ ಕಾಣದ ಹಾಗೆ. ಸೆಪ್ಟೆಂಬರಿಗೆ ಗೋಡೆ ಹಿಡಿದು ನಡೆಯುವಂತಾಯಿತು. ಯಂತ್ರದ ಸದ್ದಿಗೆ ಬೆಚ್ಚಿಬೀಳುತ್ತಿದ್ದಳು, ಅವಳು! ಒಬ್ಬ ಗಿರಾಕಿ ಷರಾಯಿಯ ಕಾಲು ಉಲ್ಟಾ ಬಂದಿದೆ ಎಂದು ಜಗಳ ತೆಗೆದ. ನಾನು ಹೊಲಿದದ್ದು ಎಂದು ಸುಳ್ಳು ಹೇಳಿದೆ. ಊರಿಗೆ ಒಳ್ಳೆಯ ದರ್ಜಿ ಎನಿಸಿಕೊಂಡವಳ ಕೈ ಹೋಗಿದೆ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ. ಊರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ.

ಈಗ ಕೋಟು. ಒಂದು ಮಧ್ಯಾಹ್ನ ಕಂದು ಬಟ್ಟೆ ತೆಗೆದಳು. “ಅಲ್ಲಿ ಚಳಿ ಜಾಸ್ತಿಯಂತೆ, ಇವ್ಳ ಹತ್ರ ದಪ್ಪ ಬಟ್ಟೆ ಒಂದೂ ಇಲ್ಲ” ಎಂದಳು. ಅಳತೆ ಪುಸ್ತಕ ಕೊಟ್ಟರೆ ತಳ್ಳಿದಳು, “ನನ್ ಮಗಳ ಅಳತೆ ನಂಗ್ ಗೊತ್ತಿಲ್ವಾ?” ಹದಿಮೂರು ದಿನ ಹಿಡಿಯಿತು. ಕಣ್ಣಿಗೆ ನಂಬಿಕೆಯಿಲ್ಲದೆ ಬೆರಳಿನಿಂದ ತಡವಿ ತಡವಿ ಹೊಲಿದಳು. ಅವಳಿಗೆ ಎಲ್ಲ ಅಂಚೂ ಒಂದೇ ಆಗಿತ್ತು. ಎಲ್ಲಿ ಎರಡು ಅಂಚು ಸಿಕ್ಕಿತೋ ಅಲ್ಲಿ ಸೇರಿಸಿದಳು. ಕುತ್ತಿಗೆಯನ್ನೂ. ಗಂಟು ಹಾಕಿ, ದಾರ ಹಲ್ಲಿನಿಂದ ಕಡಿದು, “ಆಯ್ತು ನೋಡು” ಎಂದು ನಕ್ಕಳು. ಆ ವರ್ಷ ನಾನು ಕಂಡ ಕೊನೆಯ ನಗು ಅದು.

ನಮ್ಮ ಅಂಗಡಿಯ ನಿಯಮ ನಿನಗೆ ಮರೆತಿಲ್ಲ. ಅಮ್ಮ ಗಂಟು ಹಾಕಿ ದಾರ ಕಡಿದ ಮೇಲೆ ಆ ಹೊಲಿಗೆ ಯಾರೂ ಮುಟ್ಟಬಾರದು. ಒಂದು ಸಲ ಮುಟ್ಟಿ ಅಳತೆಕೋಲಿನಿಂದ ಏಟು ತಿಂದವನು ನಾನೇ. ಕುತ್ತಿಗೆ ಮುಚ್ಚಿದ್ದನ್ನು ಕಣ್ಣಾರೆ ನೋಡಿದೆ. ಹತ್ತು ನಿಮಿಷದಲ್ಲಿ ಬಿಚ್ಚಿ ಸರಿ ಮಾಡಬಹುದಿತ್ತು. ಅವಳು ಎದುರಿಗೇ ಕೂತು ನಗುತ್ತಿದ್ದಳು, ನನ್ನ ಕೈ ಏಳಲಿಲ್ಲ. ಹಾಗೇ ಕಟ್ಟಿ ಅಂಚೆಗೆ ಹಾಕಿದೆ. ಒಂದು ಸಾಲು ಬರೆದಿಟ್ಟಿದ್ದರೆ ಮುಗಿಯುತ್ತಿತ್ತು. ನೀನು ದರ್ಜಿಯ ಮಗಳು, ಹೊಲಿಗೆ ನೋಡಿ ನಿನಗೇ ತಿಳಿಯುತ್ತದೆ, ಓಡಿ ಬರುತ್ತೀಯ ಎಂದುಕೊಂಡೆ. ನೀನು ಬರಲಿಲ್ಲ. ಕೈಲಾಗದ ಅಮ್ಮ ಬೇಡವಾದಳು ಎಂದು ನಾನು ತಿಳಿದೆ.

ಆಮೇಲೆ ನಿನ್ನ ಉತ್ತರ ಬಂತು. ‘ಅವಳು ಕರೆದರೆ ಬರುತ್ತೇನೆ.’ ಆ ಕಾಗದ ಬಂದ ದಿನಕ್ಕೆ ಅವಳ ಮಾತು ನಿಂತು ಹನ್ನೊಂದು ದಿನ. ಇದನ್ನು ನಿನಗೆ ಬರೆಯಬೇಕಿತ್ತು. ಸಿಟ್ಟಿನಲ್ಲಿ ಬರೆಯಲಿಲ್ಲ. ಆ ಸಿಟ್ಟನ್ನೇ ಹತ್ತೊಂಬತ್ತು ವರ್ಷ ಎಣ್ಣೆ ಹಾಕಿ ಇಟ್ಟುಕೊಂಡೆ.

ಬೇಕೆಂದು ಹೊಲಿಯಲಿಲ್ಲ ತಂಗಿ. ಕಾಣದೆ ಹೊಲಿದಳು.

ಅಣ್ಣ

ಜೂನ್ 19

ಅಣ್ಣಾ,

ನಿನ್ನ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಹಾಳೆ, ಕೋಟು ಎರಡನ್ನೂ ತೆಗೆದುಕೊಂಡು ಹೋಗಿ ಡಾಕ್ಟರಮ್ಮನಿಗೆ, ಇದು ನನ್ನ ಅಮ್ಮನದು ಎಂದೆ. ಅವರು ಕಿಟಕಿಯ ರಟ್ಟು ಸರಿ ಮಾಡಿ, “ಓದೋ ದಿನ ಹೊರಗ್ ಕೂತಿರಮ್ಮ” ಎಂದರು.

ನಿನ್ನೆ ಓದಿದರು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಐವತ್ತು ನಿಮಿಷ. ಕೋಟನ್ನು ಮೇಜಿನ ಮೇಲೆ ಹರಡಿ ಹೊಲಿಗೆಗಳನ್ನು ದೀಪ ಹಿಡಿದು ನೋಡಿದರಂತೆ. ಕೆಳಗಿನ ಮಡಿಕೆಯಲ್ಲಿ ಅಕ್ಕಿಕಾಳಿನಷ್ಟು ಸಮ ಇದ್ದ ಹೊಲಿಗೆ ಮೇಲೆ ಮೇಲೆ ಬಂದಂತೆ ದಾರಿ ತಪ್ಪುತ್ತಾ ಹೋಗಿದೆ. ಹದಿಮೂರು ದಿನದ ಕಾಯಿಲೆ ಅದರಲ್ಲಿ ಬರೆದಿಟ್ಟ ಹಾಗಿದೆ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು.

ಮೂರು ಚೀಟಿಯೂ ಒಂದೇ ಹೇಳಿದವು: ‘ಇರಬಹುದು’. ಖಚಿತ ಅನ್ನಬೇಕಾದರೆ ಮಿದುಳನ್ನೇ ಪರೀಕ್ಷಿಸಿರಬೇಕಿತ್ತು. ಕೊನೆಯ ಪಕ್ಷ ಆಗಿನ ಪರೀಕ್ಷೆಗಳ ಕಾಗದವಾದರೂ ಬೇಕಿತ್ತು. ಅದ್ಯಾವುದೂ ನಮ್ಮಲ್ಲಿಲ್ಲ. ‘ಇರಬಹುದು’ ಎಂದವರನ್ನು ನಮ್ಮ ನಕ್ಷೆಯಲ್ಲಿ ದಪ್ಪ ಗೆರೆಗೆ ಸೇರಿಸುವುದಿಲ್ಲ. ಅವರಿಗೆ ಕೆಳಗೊಂದು ಚುಕ್ಕೆಗಳ ಗೆರೆ ಇದೆ. ಹತ್ತೊಂಬತ್ತು ವರ್ಷದ ಹಿಂದಿನ ಆ ಗೆರೆಗೆ ಇಂದು ಬೆಳಿಗ್ಗೆ ಏಳು ಹೊಸ ಚುಕ್ಕೆ ಬಂದವು. ಒಂದು ಬಣ್ಣದವನು. ಒಂದು ಅಮ್ಮ. ಯಾವ ಚುಕ್ಕೆ ಅವಳದು ಎಂದು ನನಗೊಬ್ಬಳಿಗೇ ಗೊತ್ತು.

ಪತ್ರಕರ್ತ ಮತ್ತೆ ಬಂದಿದ್ದ. “ಹಾಗಾದ್ರೆ ಹೆಚ್ಚಾಗಿಲ್ವಾ ಮೇಡಂ?” ಎಂದು ಪೆನ್ನು ಹಿಡಿದು ನಿಂತ. ಡಾಕ್ಟರಮ್ಮ ಹೇಳಿದರು: “ಬಹುಪಾಲು ನಮ್ ಕಣ್ಣು ಹೆಚ್ಚಾಗಿದೆ. ಹೊಸ ಪರೀಕ್ಷೆ ಬಂದಿದೆ, ಜನ ಹೆಚ್ಚು ವರ್ಷ ಬದುಕ್ತಿದ್ದಾರೆ, ವಯಸ್ಸಾದ್ಮೇಲೆ ಬರೋ ಕಾಯಿಲೆ ಇದು. ಇನ್ನೂ ಸ್ವಲ್ಪ ಉಳಿದ್ರೆ ಅದು ನಿಜವಾಗ್ಲೂ ಹೆಚ್ಚಾಗಿರ್ಬೋದು, ಎಣಿಸ್ತಾ ಇರ್ತೀವಿ.” ಅವನಿಗೆ ನಿರಾಸೆಯಾಯಿತು. ದಪ್ಪಕ್ಷರಕ್ಕೆ ಇದು ಸಾಲದು.

ನನಗೆ ಸಾಕು. ಕಾಯಿಲೆ ಆಗಲೂ ಇತ್ತು. ನಾವು ಅದಕ್ಕೆ ಸಿಟ್ಟು, ಹಟ, ಸೊಕ್ಕು ಎಂದು ಹೆಸರಿಟ್ಟೆವು. ಕತ್ತರಿ ಹಿಡಿದು ತಿರುಗಿ ನೋಡಬೇಡ ಎಂದವಳು ಮಾತ್ರ ಪೂರ್ತಿ ಅಮ್ಮನೇ, ಆಗಿನ್ನೂ ಏಪ್ರಿಲ್, ಅದನ್ನು ಕಾಯಿಲೆಯ ತಲೆಗೆ ಕಟ್ಟಲಾರೆ. ಆದರೆ ಕೋಟು ಹೊಲಿದವಳೂ ಪೂರ್ತಿ ಅಮ್ಮನೇ.

ನಿನ್ನ ಮೇಲೆ ಸಿಟ್ಟಿಲ್ಲ. ಸುಳ್ಳು. ಸ್ವಲ್ಪ ಇದೆ, ನಿನಗೆ ನನ್ನ ಮೇಲಿರುವಷ್ಟೇ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮುಚ್ಚೋಣ.

ಕೋಟು ವಾಪಸು ಕೊಟ್ಟಿದ್ದಾರೆ. ಈಗ ನನ್ನ ಮಡಿಲಿನಲ್ಲಿದೆ. ಕತ್ತರಿ ತೆಗೆದೆ, ನನ್ನ ಕೈಯೂ ಏಳಲಿಲ್ಲ. ಅಮ್ಮನನ್ನು ನೋಡಬೇಕು ಅನ್ನಿಸುತ್ತಿದೆ ಅಣ್ಣಾ. ನಲವತ್ಮೂರು ವರ್ಷದವಳು ಹೀಗೆ ಬರೆಯಬಾರದು, ಆದರೂ ನೋಡಬೇಕು. ಅವಳು ಆಮೇಲೆ ಈ ಕೋಟಿನ ವಿಷಯ ಏನಾದರೂ ಅಂದಳೇ?

ತಂಗಿ

ಜೂನ್ 26

ಬಾಬಿನ್‌ಗೆ,

ಈ ಹೆಸರು ಬರೆದು ಎಷ್ಟು ಕಾಲವಾಯಿತು! ಹೊಲಿಗೆ ಯಂತ್ರದೊಳಗಿನ ದಾರದ ಉರುಳೆಯ ಹಾಗೆ ಕೂತಲ್ಲಿ ಕೂರದೆ ಗಿರಗಿರ ತಿರುಗುತ್ತಾಳೆ, ಬೇಕಾದಾಗ ದಾರ ಮುಗಿದಿರುತ್ತದೆ ಎಂದು ಅಮ್ಮ ನಿನಗಿಟ್ಟದ್ದು. ಪುಟ್ಟಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕಳು.

ಕೇಳಿದ್ದಕ್ಕೆ ಹೇಳುತ್ತೇನೆ. ಇದನ್ನು ಹೋದ ಕಾಗದದಲ್ಲಿ ಬರೆದು ಹೊಡೆದು ಹಾಕಿದ್ದೆ.

ಕೋಟು ಕಳಿಸಿದ ಮರುದಿನದಿಂದಲೇ ಕೇಳಲು ಶುರುಮಾಡಿದಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಅದೇ ಮಾತು. “ಹಾಕ್ಕೊಂಡ್ಲಾ? ಸರಿಯಾಯ್ತಂತಾ?” ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. “ಹೂಂ ಅಮ್ಮ, ಹಾಕ್ಕೊಂಡ್ಲಂತೆ. ಅಳತೆ ಒಂದ್ ಕೂದಲೆಳೆ ಹೆಚ್ಚಿಲ್ಲ, ಕಡ್ಮೆ ಇಲ್ಲ ಅಂದ್ಲು” ಎನ್ನುತ್ತಿದ್ದೆ. ಐದು ನಿಮಿಷ ಸುಮ್ಮನಾಗುವಳು. ಮತ್ತೆ ಕೇಳುವಳು. ಮಾತು ನಿಂತ ಮೇಲೂ ತನ್ನ ಕುತ್ತಿಗೆಯ ಹತ್ತಿರ ಬೆರಳಾಡಿಸಿ, ನನ್ನ ಮುಖ ನೋಡುವಳು. ನಾನು ಹೂಂ ಅನ್ನುವವರೆಗೆ ಕಣ್ಣು ತೆಗೆಯುತ್ತಿರಲಿಲ್ಲ. ಕೊನೆಯ ದಿನವೂ ಹೂಂ ಅಂದೆ.

ಹೊಲಿಗೆ ನೀನು ಬಿಚ್ಚಬೇಡ. ಅದು ಅಂದೇ ನಾನು ಮಾಡಬೇಕಾಗಿದ್ದ ಕೆಲಸ, ಹತ್ತು ನಿಮಿಷದ್ದು. ಮುಂದಿನ ಕೋಣೆ ಏಪ್ರಿಲಿನಿಂದ ಖಾಲಿಯೇ ಇದೆ. ರೈಲಿನ ಹೊತ್ತು ತಿಳಿಸು, ನಿಲ್ದಾಣಕ್ಕೆ ಬರುತ್ತೇನೆ. ಅಮ್ಮ ಹಾಕಿದ ಗಂಟನ್ನು ಮಾತ್ರ ಉಳಿಸಿಕೊಂಡು ಕುತ್ತಿಗೆ ಬಿಡಿಸಿಕೊಡುತ್ತೇನೆ. ಅವಳ ಯಂತ್ರದ ಪಕ್ಕದಲ್ಲಿ ಉದ್ದನೆಯ ಕನ್ನಡಿ ಇದೆ. ಅದರ ಮುಂದೆ ನಿಂತು ಒಂದೇ ಒಂದು ಸಲ ಹಾಕಿಕೋ.

ಬಿಗಿಯಾದರೂ, ಸಡಿಲವಾದರೂ ಸರಿಯಾಯಿತು ಅನ್ನು. ಹತ್ತೊಂಬತ್ತು ವರ್ಷದಿಂದ ನಾನು ಅಮ್ಮನಿಗೆ ಸುಳ್ಳು ಹೇಳಿದವನಾಗಿಯೇ ಇದ್ದೇನೆ.

ಅಣ್ಣ